ಗೋಧಿ ಬಿಟ್ಟವರು ಹಾಲನ್ನೂ ಬಿಡಬೇಕೆ?

ಸೀಲಿಯಾಕ್ ಕಾಯಿಲೆ ಇದೆಯೆಂದು ಖಚಿತವಾಗಿ ಗೋಧಿಯನ್ನು ಅಡುಗೆಮನೆಯಿಂದ ಹೊರಗಿಟ್ಟ ಮನೆಗಳಲ್ಲಿ ಕೆಲವೇ ವಾರಗಳಲ್ಲಿ ಎರಡನೆಯ ಪ್ರಶ್ನೆಯೊಂದು ತಲೆಯೆತ್ತುತ್ತದೆ. ಚಪಾತಿ ನಿಂತಿದೆ, ಬ್ರೆಡ್ಡು ಬಿಸ್ಕತ್ತು ನಿಂತಿವೆ, ಎರಡೂ ಹೊತ್ತು ಜೋಳದ ರೊಟ್ಟಿಯ ಊಟವೇ ನಡೆದಿದೆ. ಆದರೂ ರಾತ್ರಿ ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಒಳಗೆಲ್ಲ ಗುಡುಗುಡು ಎನ್ನುತ್ತದೆ, ಬೆಳಗಾಗುವುದರೊಳಗೆ ಎರಡು ಸಲ ಭೇದಿಯಾಗುತ್ತದೆ. ಕಲಬುರಗಿಯಲ್ಲಿರುವ ನನ್ನ ತಂಗಿಯ ಮಗಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ಈ ಕಾಯಿಲೆ ಪತ್ತೆಯಾದಾಗ ನಮ್ಮಲ್ಲೂ ಹೀಗೇ ಆಯಿತು. “ಗೋಧಿನೂ ಬಿಟ್ಟೀವಿ, ಈಗ ಹಾಲೂ ಬಿಡಸ್ಬೇಕೇನಣ್ಣ, ಹಂಗಾದ್ರ ಕೂಸು ಏನ್ ತಿನ್ನಬೇಕು” ಎಂದು ತಂಗಿ ಫೋನಿನಲ್ಲಿ ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಅದೇ ಪ್ರಶ್ನೆ ಇರುವ ಇತರರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ಬಗ್ಗೆ. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇದೆ. ಅದು ನಮ್ಮ ಜಠರದಲ್ಲಿ ಪೂರ್ತಿ ಒಡೆಯುವುದಿಲ್ಲ. ಉಳಿದ ತುಣುಕುಗಳು ಸಣ್ಣಕರುಳಿಗೆ ಬಂದು, ಹೆಚ್ಚಿನವರಲ್ಲಿ ಯಾವ ತೊಂದರೆಯನ್ನೂ ಮಾಡದೆ ಮುಂದೆ ಸಾಗುತ್ತವೆ. ಆದರೆ ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ವಂಶವಾಹಿ ಇರುವವರ ಪೈಕಿ ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಆ ತುಣುಕುಗಳನ್ನು ಶತ್ರುವೆಂದು ಭಾವಿಸಿ ಎದುರಿಸುತ್ತದೆ, ಮತ್ತು ಆ ಹೋರಾಟದಲ್ಲಿ ಸ್ವಂತ ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ಆದ್ದರಿಂದ ಇದು ಅಜೀರ್ಣವೂ ಅಲ್ಲ, ಸಾಮಾನ್ಯ ಅರ್ಥದ ಅಲರ್ಜಿಯೂ ಅಲ್ಲ. ದೇಹ ತನ್ನ ಮೇಲೆ ತಾನೇ ತಿರುಗಿ ಬೀಳುವ ಬಗೆಯ ಕಾಯಿಲೆ. ಗ್ಲುಟೆನ್ನನ್ನು ಜೀವನಪೂರ್ತಿ ಬಿಡುವುದೊಂದೇ ಇದಕ್ಕಿರುವ ಚಿಕಿತ್ಸೆ.

ಈ ಕಥೆಯೊಳಗೆ ಹಾಲು ಎಲ್ಲಿಂದ ಬಂತು? ಹಾಲಿನಲ್ಲಿ ಗ್ಲುಟೆನ್ ಇಲ್ಲ. ದನಕ್ಕೆ ಗೋಧಿ ಬೂಸಾ ಹಾಕಿದರೆ ಹಾಲಿನಲ್ಲೂ ಗೋಧಿಯ ಅಂಶ ಇಳಿಯುತ್ತದೆಯೇ ಎಂದು ಹಳ್ಳಿಯ ಕಡೆ ಹಲವರು ಕೇಳುತ್ತಾರೆ. ಇಲ್ಲ, ಹಸುವಿನ ಹೊಟ್ಟೆಯಲ್ಲಿ ಅದು ಒಡೆದುಹೋಗುತ್ತದೆ, ಬರಿಯ ಹಾಲು ಈ ಕಾಯಿಲೆಯವರಿಗೆ ವಿಷವಲ್ಲ. ತೊಂದರೆಯ ಮೂಲವಿರುವುದು ಹಾಲಿನ ಸಕ್ಕರೆಯಲ್ಲಿ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಆ ಸಕ್ಕರೆಯನ್ನು ಒಡೆಯಬೇಕಾದ ಜಾಗ ಹಾಳಾಗಿರುವುದರಲ್ಲಿ.

ಸಣ್ಣಕರುಳಿನ ಒಳಮೈ ನುಣುಪಾಗಿಲ್ಲ. ಒಂದು ಮಿಲಿಮೀಟರಿಗಿಂತ ಗಿಡ್ಡನೆಯ ಲಕ್ಷಾಂತರ ಚಾಚುಗಳು ಅಲ್ಲಿ ಒತ್ತಾಗಿ ನಿಂತಿರುತ್ತವೆ. ಇವಕ್ಕೆ ವಿಲ್ಲೈ ಎನ್ನುತ್ತಾರೆ. ಹಿಂಗಾರಿನ ಜೋಳದ ಹೊಲವನ್ನು ಕಣ್ಣ ಮುಂದೆ ತಂದುಕೊಂಡರೆ ಇದರ ಸ್ವರೂಪ ಸುಲಭವಾಗಿ ತಿಳಿಯುತ್ತದೆ. ಬುಡದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತವೆ, ಮೂರರಿಂದ ಐದು ದಿನಗಳಲ್ಲಿ ಬಲಿಯುತ್ತಾ ತುದಿಯತ್ತ ಏರುತ್ತವೆ, ತುದಿ ತಲುಪಿ ಉದುರುತ್ತವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವನ್ನು ಬುಡದ ಎಳೆಯ ಕೋಶಗಳು ತಯಾರಿಸಲಾರವು. ಮೇಲ್ಭಾಗಕ್ಕೆ ಏರಿ ಬಲಿತ ಕೋಶಗಳಲ್ಲಿ ಮಾತ್ರ, ದಂಟಿನ ತುದಿಯಲ್ಲಿ ತೆನೆ ಇರುವಂತೆ, ಅದು ಇರುತ್ತದೆ. ಸೀಲಿಯಾಕ್ ಕಾಯಿಲೆಯಲ್ಲಿ ಆಲಿಕಲ್ಲು ಬಿದ್ದ ಹೊಲದಂತೆ ಈ ಚಾಚುಗಳು ಮೊಟಕಾಗಿ, ಕೆಲವರಲ್ಲಿ ಪೂರ್ತಿ ಸಪಾಟಾಗಿ ಹೋಗುತ್ತವೆ. ಬೇರು ಉಳಿದಿರುತ್ತದೆ, ಮತ್ತೆ ಚಿಗುರುವ ಶಕ್ತಿಯೂ ಉಳಿದಿರುತ್ತದೆ, ಆದರೆ ತೆನೆ ಇರುವುದಿಲ್ಲ. ಎಲ್ಲಕ್ಕಿಂತ ಮೊದಲು ಹೋಗುವುದು ಲ್ಯಾಕ್ಟೇಸ್, ಎಲ್ಲಕ್ಕಿಂತ ಕೊನೆಗೆ ಮರಳುವುದೂ ಅದೇ. ಚಹಾಕ್ಕೆ ಹಾಕುವ ಸಕ್ಕರೆ ಅಷ್ಟಾಗಿ ತೊಂದರೆ ಕೊಡದೆ ಹಾಲು ಮಾತ್ರ ಕೊಡುವುದಕ್ಕೆ ಕಾರಣವೂ ಇಲ್ಲಿದೆ: ಸಕ್ಕರೆಯನ್ನು ಒಡೆಯುವ ಕಿಣ್ವ ಕರುಳಿನಲ್ಲಿ ಧಾರಾಳವಾಗಿದ್ದು ಬೇಗ ಚೇತರಿಸಿಕೊಳ್ಳುತ್ತದೆ, ಲ್ಯಾಕ್ಟೇಸ್ ಆರೋಗ್ಯವಂತರಲ್ಲೂ ಅಳೆದು ತೂಗಿದಷ್ಟೇ ಇರುತ್ತದೆ.

ಒಡೆಯದೆ ಉಳಿದ ಲ್ಯಾಕ್ಟೋಸ್ ರಕ್ತಕ್ಕೆ ಸೇರಲಾರದು. ಅದು ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾ ದೊಡ್ಡಕರುಳಿಗೆ ಇಳಿಯುತ್ತದೆ; ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಅನಿಲಗಳನ್ನು ಹುಟ್ಟಿಸುತ್ತವೆ. ಉಬ್ಬರ, ನುಲಿತ, ನೀರಾದ ಭೇದಿ ಇವೆಲ್ಲ ಇದರಿಂದಲೇ. ನೋವು ನಿಜ, ಅವಸ್ಥೆಯೂ ನಿಜ, ಆದರೆ ಇಷ್ಟನ್ನು ಮಾತ್ರ ಸ್ಪಷ್ಟವಾಗಿ ತಿಳಿದಿರಬೇಕು: ಲ್ಯಾಕ್ಟೋಸ್ ಕರುಳನ್ನು ಗಾಯಗೊಳಿಸುವುದಿಲ್ಲ. ಗ್ಲುಟೆನ್ ಒಂದು ಚಿಟಿಕೆಯಾದರೂ ಗಾಯ ಮಾಡುತ್ತದೆ. ಹಾಲು ಹೆಚ್ಚಾದರೆ ಒಂದು ದಿನ ಹೊಟ್ಟೆ ಕೆಡುತ್ತದೆ, ಮರುದಿನ ಸರಿಹೋಗುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ, ಮಕ್ಕಳನ್ನು ಎರಡಕ್ಕೂ ಸಮನಾಗಿ ಹೆದರಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಗ್ಲುಟೆನ್ ನಿಂತ ಮೇಲೆ ಹೊಲ ಮತ್ತೆ ಎದ್ದು ನಿಲ್ಲುತ್ತದೆ. ಹೊಟ್ಟೆಯ ಲಕ್ಷಣಗಳು ಕೆಲವು ವಾರಗಳಲ್ಲೇ ಇಳಿಮುಖವಾಗುತ್ತವೆಯಾದರೂ ಒಳಪದರದ ಗುಣಕ್ಕೆ ಅದಕ್ಕಿಂತ ಬಹಳ ಕಾಲ ಬೇಕು. ಮಕ್ಕಳಲ್ಲಿ ಇದು ಬೇಗ, ದೊಡ್ಡವರಲ್ಲಿ ನಿಧಾನ. ಅಮೆರಿಕದ ಮೇಯೊ ಕ್ಲಿನಿಕ್‌ನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಕ ರೋಗಿಗಳ ಪೈಕಿ ಎರಡು ವರ್ಷಕ್ಕೆ ಶೇಕಡ 34ರಷ್ಟು, ಐದು ವರ್ಷಕ್ಕೆ ಶೇಕಡ 66ರಷ್ಟು ಜನರ ಕರುಳು ಮಾತ್ರ ಗುಣವಾಗಿತ್ತು. ಆದ್ದರಿಂದ ಗೋಧಿ ಬಿಟ್ಟು ಎರಡು ತಿಂಗಳಾದರೂ ಹಾಲು ಒಗ್ಗಲಿಲ್ಲವೆಂದರೆ ಅದು ಚಿಕಿತ್ಸೆ ಸೋತ ಸೂಚನೆಯಲ್ಲ. ತೆನೆ ಕಟ್ಟುವ ಕಾಲ ಇನ್ನೂ ಬಂದಿಲ್ಲ, ಅಷ್ಟೆ.

ಆದರೆ “ಹಾಲು ಆಗಿಬರುವುದಿಲ್ಲ” ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ. ಮೇಲೆ ಹೇಳಿದ್ದು ಕರುಳಿನ ಗಾಯದಿಂದ ಬಂದ, ಗಾಯದೊಂದಿಗೆ ಹೋಗುವ ತೊಂದರೆ. ಇನ್ನೊಂದು, ಹುಟ್ಟಿನಿಂದಲೇ ಬರೆದಿಟ್ಟದ್ದು: ಮಗುವಿನಲ್ಲಿ ಧಾರಾಳವಾಗಿರುವ ಲ್ಯಾಕ್ಟೇಸ್ ಎಷ್ಟೋ ಜನರಲ್ಲಿ ದೊಡ್ಡವರಾಗುತ್ತಾ ತಾನಾಗಿಯೇ ತಗ್ಗುತ್ತದೆ, ಮತ್ತು ಇದು ಉತ್ತರ ಭಾರತದವರಿಗಿಂತ ನಮ್ಮ ದಕ್ಷಿಣದವರಲ್ಲಿ ಹೆಚ್ಚು. ಇದು ಕಾಯಿಲೆಯಲ್ಲ, ಮನುಷ್ಯಕುಲದ ಬಹುಪಾಲು ಜನರ ಸಹಜ ಸ್ಥಿತಿ. ಬೀದರಿನ ನಲವತ್ತು ವರ್ಷದ ವ್ಯಕ್ತಿಯೊಬ್ಬರಿಗೆ ಸೀಲಿಯಾಕ್ ಪೂರ್ತಿ ಹತೋಟಿಗೆ ಬಂದ ಮೇಲೂ ದೊಡ್ಡ ಲೋಟದ ಹಾಲು ಒಗ್ಗದಿದ್ದರೆ, ಅವರು ಕರುಳು ಗುಣವಾಗಲಿಲ್ಲವೆಂದು ಕೊರಗಬೇಕಾಗಿಲ್ಲ. ಕಾಯಿಲೆ ಬರದಿದ್ದರೂ ಅವರಿಗೆ ಅಷ್ಟು ಹಾಲು ಒಗ್ಗುತ್ತಿರಲಿಲ್ಲವೇನೋ.

ಮೂರನೆಯದು ಪೂರ್ತಿ ಬೇರೆ: ಹಾಲಿನ ಪ್ರೋಟೀನಿಗೆ ಅಲರ್ಜಿ. ಇದು ಹೆಚ್ಚಾಗಿ ಎಳೆಯ ಮಕ್ಕಳಲ್ಲಿ ಕಾಣುತ್ತದೆ. ಹಾಲು ಕುಡಿದ ಕೂಡಲೇ ಮೈಮೇಲೆ ಗಂಧೆ ಏಳುವುದು, ತುಟಿ ಊದುವುದು, ವಾಂತಿ, ಉಬ್ಬಸ ಇದರ ಗುರುತುಗಳು. ಇಂಥವರಿಗೆ ಮೊಸರು ಮಜ್ಜಿಗೆಗಳೂ ಸಲ್ಲವು, ಅಂಗಡಿಯ ಲ್ಯಾಕ್ಟೋಸ್ ಇಲ್ಲದ ಹಾಲೂ ಸಲ್ಲದು, ಏಕೆಂದರೆ ಅದರಲ್ಲಿ ತೆಗೆದಿರುವುದು ಸಕ್ಕರೆಯನ್ನೇ ಹೊರತು ಪ್ರೋಟೀನನ್ನಲ್ಲ. ಉಬ್ಬಸ ಅಥವಾ ಊತ ಕಂಡವರು ಮನೆಯಲ್ಲಿ ಯಾವ ಪ್ರಯೋಗವನ್ನೂ ಮಾಡದೆ ನೇರವಾಗಿ ವೈದ್ಯರ ಬಳಿ ಹೋಗಬೇಕು. ಲ್ಯಾಕ್ಟೋಸ್ ಒಗ್ಗದಿರುವುದು ಮತ್ತು ಅಲರ್ಜಿ, ಇವೆರಡರ ನಡುವೆ ಇನ್ನೊಂದು ಮಸುಕಾದ ಸಾಧ್ಯತೆಯೂ ಇದೆ. ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನವೊಂದರಲ್ಲಿ ಇಪ್ಪತ್ತು ಸೀಲಿಯಾಕ್ ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಜನರ ಕರುಳಿನ ಪದರ ಹಸುವಿನ ಹಾಲಿನ ಪ್ರೋಟೀನಿಗೂ ಉರಿಯೂತದಿಂದ ಪ್ರತಿಕ್ರಿಯಿಸಿತ್ತು. ಇಪ್ಪತ್ತು ಜನರ ಮೇಲಿನ ಪರೀಕ್ಷೆಯಿಂದ ಎಲ್ಲರಿಗೂ ಪಥ್ಯ ಬರೆಯಲಾಗದು. ಲ್ಯಾಕ್ಟೋಸ್ ಇಲ್ಲದ ಹಾಲು ಕುಡಿದರೂ ತೊಂದರೆ ತಪ್ಪದವರು ಮಾತ್ರ ಇದನ್ನು ವೈದ್ಯರ ಮುಂದೆ ಎತ್ತುವುದು ಸರಿ.

ಇಷ್ಟೆಲ್ಲಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ, ಮತ್ತು ನನ್ನ ಅನುಭವದಲ್ಲಿ ಅದನ್ನು ಕೇಳುವವರು ಕಡಿಮೆ. ತೊಂದರೆ ಕೊಟ್ಟದ್ದು ಹಾಲೋ, ಹಾಲಿನೊಳಗೆ ಹೊಕ್ಕ ಗೋಧಿಯೋ?

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಹಾಲು ನಿಲ್ಲಿಸಿ ಮಜ್ಜಿಗೆ ಮಾತ್ರ ಕೊಡುತ್ತಿದ್ದ ದಿನಗಳಲ್ಲೂ ಮಗುವಿನ ಹೊಟ್ಟೆ ಕೆಡುವುದು ನಿಲ್ಲಲಿಲ್ಲ. ಮಜ್ಜಿಗೆಯೂ ಒಗ್ಗುವುದಿಲ್ಲವೆಂದು ಅದನ್ನೂ ನಿಲ್ಲಿಸುವ ಹಂತಕ್ಕೆ ಬಂದಿದ್ದೆವು. ಆಮೇಲೆ ಗೊತ್ತಾಯಿತು, ಮಜ್ಜಿಗೆಗೆ ಕೊಡುತ್ತಿದ್ದ ಒಗ್ಗರಣೆಯಲ್ಲಿ ಇಂಗು ಇತ್ತು. ಅಂಗಡಿಯ ಡಬ್ಬಿಯಲ್ಲಿ ಸಿಗುವ ಪುಡಿ ಇಂಗು ಶುದ್ಧ ಇಂಗಲ್ಲ; ಅದನ್ನು ಗೋಂದು ಮತ್ತು ಹಿಟ್ಟಿನೊಡನೆ ಬೆರೆಸಿ ಮಾಡಿರುತ್ತಾರೆ, ಆ ಹಿಟ್ಟು ಹಲವು ಡಬ್ಬಿಗಳಲ್ಲಿ ಗೋಧಿಯದು ಅಥವಾ ಮೈದಾ, ಕೆಲವದರಲ್ಲಿ ಅಕ್ಕಿಯದು. ಡಬ್ಬಿಯ ಹಿಂದಿನ ಸಣ್ಣಕ್ಷರವನ್ನು ಓದದೆ ನಾವು ತಿಂಗಳುಗಟ್ಟಲೆ ಮಜ್ಜಿಗೆಯನ್ನು ದೂರಿದ್ದೆವು. ಇಂಗು ಬಿಟ್ಟು ಜೀರಿಗೆ, ಕರಿಬೇವು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟ ಮೇಲೆ ಅದೇ ಮಜ್ಜಿಗೆ ಅವಳಿಗೆ ಒಗ್ಗಿತು.

ಹುಡುಕುತ್ತಾ ಹೋದರೆ ಹಾಲಿನ ಜೊತೆ ಗೋಧಿ ನಂಟು ಬೆಳೆಸಿರುವ ಜಾಗಗಳು ಎಷ್ಟೋ. ಮಕ್ಕಳು ಬೆಳೆಯಲೆಂದು ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ ಇರುತ್ತದೆ, ಹಲವದರಲ್ಲಿ ಗೋಧಿಯೂ. ಶ್ಯಾವಿಗೆ ಪಾಯಸದ ಶ್ಯಾವಿಗೆ ಗೋಧಿಯದು. ಜಾಮೂನಿನ ಖೋವಾಕ್ಕೆ ಉಂಡೆ ಕಟ್ಟಲೆಂದು ಸಾಮಾನ್ಯವಾಗಿ ಮೈದಾ ಬೆರೆಸುತ್ತಾರೆ. ಕಲಬುರಗಿಯ ಮಾಲ್ಪುರಿಯಲ್ಲೂ ಹಾಲು ಮೈದಾ ಎರಡೂ ಕೂಡಿವೆ. ಐಸ್‌ಕ್ರೀಮು ಸರಿಯಿದ್ದರೂ ಅದನ್ನು ಹಿಡಿದಿರುವ ಕೋನು ಮೈದಾದ್ದು. ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನುವವರ ಜೊತೆ ಒಂದೇ ಬಸಿಯನ್ನು ಹಂಚಿಕೊಂಡರೂ ಸಾಕು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಹೆಸರಾದ ಖಪ್ಲಿ ಗೋಧಿಯ ಹುಗ್ಗಿಯನ್ನು ಹಾಲು ಹಾಕಿಕೊಂಡು ಉಣ್ಣುವವರಿದ್ದಾರೆ. ಖಪ್ಲಿಯೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ.

ಇನ್ನು ಗಿರಣಿ. ಕಲಬುರಗಿ, ಬೀದರ್, ಯಾದಗಿರಿ ಸೀಮೆಯವರಿಗೆ ಈ ಕಾಯಿಲೆಯ ಮಟ್ಟಿಗೆ ಒಂದು ಭಾಗ್ಯವಿದೆ: ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ, ಪುಂಡಿಪಲ್ಯ ಇವು ಯಾವುವೂ ಗ್ಲುಟೆನ್ ಸೋಂಕಿದವಲ್ಲ. ಪಂಜಾಬಿನ ರೋಗಿ ತನ್ನ ಊಟದ ಜೀವಾಳವನ್ನೇ ಬಿಡಬೇಕು, ನಮ್ಮವರು ಅಜ್ಜಿಯ ಊಟಕ್ಕೆ ಮರಳಿದರೆ ಸಾಕು. ಆದರೆ ಓಣಿಯ ಗಿರಣಿಯಲ್ಲಿ ಒಬ್ಬರ ಗೋಧಿಯ ಹಿಂದೆಯೇ ಇನ್ನೊಬ್ಬರ ಜೋಳ ಬೀಳುತ್ತದೆ, ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿಹಿಟ್ಟು ಜೋಳದ ಹಿಟ್ಟಿಗೆ ಬೆರೆಯುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಗ್ಲುಟೆನ್ ರಹಿತ ಎಂದು ಕರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಮ್‌ಗಿಂತ ಹೆಚ್ಚು ಗ್ಲುಟೆನ್ ಇರಕೂಡದು; ಗಿರಣಿಯಲ್ಲಿ ಬೆರೆಯುವ ಒಂದು ಚಮಚ ಗೋಧಿಹಿಟ್ಟು ಹತ್ತು ಕಿಲೋ ಜೋಳದ ಹಿಟ್ಟನ್ನೂ ಈ ಮಿತಿಯಿಂದ ಆಚೆ ತಳ್ಳಬಲ್ಲದು. ಹೀಗೆ ದಿನವೂ ಚೂರುಚೂರು ಗೋಧಿ ಒಳಹೋಗುತ್ತಿದ್ದರೆ ಕರುಳು ಗುಣವಾಗುವುದಿಲ್ಲ, ಕರುಳು ಗುಣವಾಗದಿದ್ದರೆ ಲ್ಯಾಕ್ಟೇಸ್ ಮರಳುವುದಿಲ್ಲ, ಹಾಲು ಒಗ್ಗುವುದಿಲ್ಲ. ವರ್ಷ ಕಳೆದರೂ ಹಾಲು ಹಿಡಿಸದ ಮಗುವಿನ ಮನೆಯಲ್ಲಿ ನಾನು ಮೊದಲು ವಿಚಾರಿಸುವುದು ಹಾಲಿನ ಬಗ್ಗೆಯಲ್ಲ, ಹಿಟ್ಟು ಎಲ್ಲಿ ಬೀಸಿಸುತ್ತೀರಿ ಎಂದು. ಮನೆಯಲ್ಲೇ ಇಟ್ಟುಕೊಳ್ಳುವ ಸಣ್ಣ ವಿದ್ಯುತ್ ಗಿರಣಿಯನ್ನು ಜೋಳ, ಸಜ್ಜೆ, ಅಕ್ಕಿಗೆ ಮಾತ್ರ ಮೀಸಲಿಡುವುದು ನಿಶ್ಚಿಂತೆಯ ದಾರಿ. ಅದು ಕೈಗೆಟುಕದವರು ಹಳೆಯ ಬೀಸುವ ಕಲ್ಲನ್ನು ಚೆನ್ನಾಗಿ ತೊಳೆದು ಬಳಸಿದ್ದೂ ಉಂಟು. ಜೋಳವನ್ನು ಮೊರದಲ್ಲಿ ಹಸನು ಮಾಡುವಾಗ ನಡುವೆ ಸೇರಿದ ಗೋಧಿಕಾಳನ್ನು ಆರಿಸಬೇಕು, ಹಿಟ್ಟು ನಾದುವ ಪರಾತ ಮತ್ತು ಹಂಚು ಚಪಾತಿಯದಕ್ಕಿಂತ ಬೇರೆಯಿರಬೇಕು.

ಇವೆಲ್ಲ ಸರಿಯಾದ ಮೇಲೆ ಹಾಲನ್ನು ಪರೀಕ್ಷಿಸಬಹುದು. ಲ್ಯಾಕ್ಟೋಸ್ ಬೆರೆಸಿದ ನೀರನ್ನು ಕುಡಿಸಿ, ಉಸಿರಿನಲ್ಲಿ ಜಲಜನಕ ಎಷ್ಟು ಏರಿತೆಂದು ಅಳೆಯುವ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿ ಉಂಟು. ಅದಿಲ್ಲದಿದ್ದರೂ ವೈದ್ಯರ ಸಲಹೆಯ ಮೇರೆಗೆ ಎರಡರಿಂದ ನಾಲ್ಕು ವಾರ ಹಾಲು, ಖೋವಾ, ಐಸ್‌ಕ್ರೀಮುಗಳನ್ನು ನಿಲ್ಲಿಸಿ, ಬೇರೇನನ್ನೂ ಬದಲಿಸದೆ, ಉಂಡದ್ದನ್ನೂ ಆದದ್ದನ್ನೂ ಒಂದು ವಹಿಯಲ್ಲಿ ಬರೆದಿಟ್ಟು, ಆಮೇಲೆ ಮತ್ತೆ ಕೊಟ್ಟು ನೋಡಬಹುದು. ಮತ್ತೆ ಕೊಟ್ಟು ನೋಡುವ ಈ ಕೊನೆಯ ಹಂತವನ್ನೇ ಎಷ್ಟೋ ಮನೆಗಳಲ್ಲಿ ಮರೆತುಬಿಡುತ್ತಾರೆ. ನಾಲ್ಕು ವಾರದ ಪಥ್ಯ ನಾಲ್ಕು ವರ್ಷದ ಪಥ್ಯವಾಗಿ ಉಳಿಯುತ್ತದೆ.

ಹಾಲಿಗೆ ಮರಳುವ ದಾರಿಯಲ್ಲಿ ಲೆಕ್ಕವೊಂದನ್ನು ಗಮನದಲ್ಲಿಟ್ಟುಕೊಂಡರೆ ಗೊಂದಲವಿರುವುದಿಲ್ಲ. ಆಕಳ ಹಾಲಿರಲಿ, ಎಮ್ಮೆ ಹಾಲಿರಲಿ, 100 ಮಿಲಿಲೀಟರಿಗೆ ಸುಮಾರು 5 ಗ್ರಾಮ್ ಲ್ಯಾಕ್ಟೋಸ್ ಇರುತ್ತದೆ. ಆಡಿನ ಹಾಲಿನಲ್ಲೂ ಹೆಚ್ಚು ಕಡಿಮೆ ಅಷ್ಟೇ, ದೇವಣಿ ತಳಿಯ ಆಕಳಿನ ಹಾಲೆಂದು ಲ್ಯಾಕ್ಟೋಸ್ ತಗ್ಗುವುದಿಲ್ಲ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಲ್ಯಾಕ್ಟೇಸ್ ಕಡಿಮೆಯಿರುವ ಹೆಚ್ಚಿನ ವಯಸ್ಕರು ಒಂದು ಸಲಕ್ಕೆ 12 ಗ್ರಾಮ್‌ವರೆಗೆ, ಅಂದರೆ ಒಂದು ಲೋಟ ಹಾಲಿನಷ್ಟನ್ನು, ದೊಡ್ಡ ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆಂದು ತಜ್ಞರು ಕಂಡುಕೊಂಡಿದ್ದಾರೆ. ಆಗಷ್ಟೇ ಕಾಯಿಲೆ ಪತ್ತೆಯಾದವರ ಕರುಳು ಅಷ್ಟನ್ನೂ ತಾಳದಿರಬಹುದು. ಚಹಾಕ್ಕೆ ಬೀಳುವ 50 ಮಿಲಿಲೀಟರ್ ಹಾಲಿನಲ್ಲಿರುವುದು ಎರಡೂವರೆ ಗ್ರಾಮ್ ಮಾತ್ರ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆಂದೇ ಹೇಳಬಹುದು. ಹಾಲು ಒಡೆಸಿ ನೀರು ಬಸಿದ ಪನೀರಿನಲ್ಲಿ ಬಹುಪಾಲು ಆ ನೀರಿನ ಜೊತೆಯೇ ಹೋಗಿರುತ್ತದೆ. ಖೋವಾದ್ದು ಇದಕ್ಕೆ ತೀರ ವಿರುದ್ಧ: ಐದು ಲೀಟರ್ ಹಾಲು ಬತ್ತಿಸಿದರೆ ಸುಮಾರು ಒಂದು ಕಿಲೋ ಖೋವಾ ಸಿಗುತ್ತದೆ, ನೀರು ಹೋಗುತ್ತದೆಯೇ ಹೊರತು ಲ್ಯಾಕ್ಟೋಸ್ ಹೋಗುವುದಿಲ್ಲ, ಆದ್ದರಿಂದ ಅಂಗೈಯಲ್ಲಿ ಹಿಡಿಯುವ 50 ಗ್ರಾಮ್ ಖೋವಾದಲ್ಲಿ ಕಾಲು ಲೀಟರ್ ಹಾಲಿನ ಲ್ಯಾಕ್ಟೋಸ್ ಇರುತ್ತದೆ. ಹಾಲು ಬಿಟ್ಟು ಪೇಢೆ ತಿನ್ನುವವರಿಗೆ ಇದು ತಿಳಿದಿರಲಿ.

ಮೊಸರು ಮಜ್ಜಿಗೆಗಳಿಂದ ಮೊದಲು ಮಾಡುವುದು ಒಳ್ಳೆಯದು. ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಲ್ಯಾಕ್ಟೋಸಿನ ಒಂದು ಪಾಲನ್ನು ಹುಳಿಯಾಗಿ ಮಾರ್ಪಡಿಸಿರುತ್ತವೆ. ಜೊತೆಗೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ತಾವೇ ಹೊತ್ತುಕೊಂಡು ನಮ್ಮ ಕರುಳಿನವರೆಗೆ ಬಂದು ಅಲ್ಲಿಯೂ ಕೆಲಸ ಮುಂದುವರಿಸುತ್ತವೆ. ಮಜ್ಜಿಗೆಯಲ್ಲಿ ನೀರು ಬೆರೆತಷ್ಟೂ ಲ್ಯಾಕ್ಟೋಸ್ ತೆಳುವಾಗುತ್ತದೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿಗಳ ಜೊತೆ ಉಣ್ಣುವ ಜೋಳದ ಅಂಬಲಿ ಇದಕ್ಕೆ ಹೇಳಿ ಮಾಡಿಸಿದ್ದು: ಜೋಳದ ಹಿಟ್ಟು, ಮಜ್ಜಿಗೆ, ಉಪ್ಪು, ಬೆಳ್ಳುಳ್ಳಿ, ಅಷ್ಟೇ. ಅರ್ಧ ಬಟ್ಟಲು ಮಜ್ಜಿಗೆ, ಆಮೇಲೆ ಮೊಸರು, ಆಮೇಲೆ ಊಟದ ಜೊತೆ ಕಾಲು ಲೋಟ ಹಾಲು, ಹೀಗೆ ವಾರ ವಾರಕ್ಕೆ ಏರಿಸುತ್ತಾ ಹೋಗಬೇಕು. ಖಾಲಿ ಹೊಟ್ಟೆಯಲ್ಲಿ ಕುಡಿದ ಹಾಲಿಗಿಂತ ಊಟದ ಜೊತೆ ಕುಡಿದ ಹಾಲು ನಿಧಾನವಾಗಿ ಇಳಿಯುವುದರಿಂದ ಸುಲಭವಾಗಿ ಒಗ್ಗುತ್ತದೆ. ಲ್ಯಾಕ್ಟೇಸ್ ಹನಿ ಮತ್ತು ಮಾತ್ರೆಗಳು ಔಷಧದ ಅಂಗಡಿಯಲ್ಲಿ ಸಿಗುತ್ತವೆ, ಬೇಕಾದವರು ವೈದ್ಯರನ್ನು ಕೇಳಿ ಬಳಸಬಹುದು. ಹಾಲುಣ್ಣುವ ಕೂಸಿಗೆ ಮಾತ್ರ ಈ ಯಾವ ಲೆಕ್ಕವನ್ನೂ ಹಚ್ಚಿ ಎದೆಹಾಲು ನಿಲ್ಲಿಸಬಾರದು.

ಹಾಲಿನ ಪರವಾಗಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಮೂಳೆಗಳೇ ಕಾರಣ. ಸೀಲಿಯಾಕ್ ಇರುವವರ ಕರುಳು ವರ್ಷಗಟ್ಟಲೆ ಕ್ಯಾಲ್ಸಿಯಂ ಮತ್ತು ಡಿ ವಿಟಮಿನ್ನನ್ನು ಸರಿಯಾಗಿ ಹೀರಿಕೊಂಡಿರುವುದಿಲ್ಲ, ಪತ್ತೆಯಾಗುವ ಹೊತ್ತಿಗೆ ಹಲವರ ಮೂಳೆ ಆಗಲೇ ತೆಳುವಾಗಿರುತ್ತದೆ. ಅಂಥವರು ದಿನದ ದೊಡ್ಡ ಕ್ಯಾಲ್ಸಿಯಂ ಮೂಲವಾದ ಹಾಲನ್ನೂ ಕಾರಣವಿಲ್ಲದೆ ಬಿಟ್ಟರೆ ಪೆಟ್ಟಿನ ಮೇಲೆ ಪೆಟ್ಟು. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಮ್ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನಿಗದಿ ಮಾಡಿದೆ. ಕಾಲು ಲೀಟರ್ ಹಾಲು ಅದರಲ್ಲಿ ಸುಮಾರು 300 ಮಿಲಿಗ್ರಾಮ್ ಕೊಡುತ್ತದೆ. ನಮ್ಮ ಜೋಳ ಈ ವಿಷಯದಲ್ಲಿ ಬಡವ, 100 ಗ್ರಾಮಿಗೆ 30 ಮಿಲಿಗ್ರಾಮ್ ಕೂಡ ಇಲ್ಲ. ಹಾಲು ನಿಜವಾಗಿಯೂ ಒಗ್ಗದ ತಿಂಗಳುಗಳಲ್ಲಿ ರಾಗಿ ಅಂಬಲಿ, ನುಗ್ಗೆ ಸೊಪ್ಪು, ರೊಟ್ಟಿಗೆ ಹಚ್ಚುವ ಎಳ್ಳು ಊಟದಲ್ಲಿ ಹೆಚ್ಚಬೇಕು. ರಾಗಿಯಲ್ಲಿ 100 ಗ್ರಾಮಿಗೆ 350 ಮಿಲಿಗ್ರಾಮ್ ಆಸುಪಾಸು ಕ್ಯಾಲ್ಸಿಯಂ ಇದೆಯಾದರೂ ಸೊಪ್ಪು ಕಾಳುಗಳಿಂದ ಅದು ಹಾಲಿನಿಂದ ಬರುವಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ. ಮಾತ್ರೆ ಬೇಕೇ, ಎಷ್ಟು ಬೇಕು ಎಂಬುದನ್ನು ರಕ್ತದಲ್ಲಿನ ಡಿ ವಿಟಮಿನ್ ಪರೀಕ್ಷೆ, ದೊಡ್ಡವರಲ್ಲಿ ಮೂಳೆ ಸಾಂದ್ರತೆಯ ಪರೀಕ್ಷೆ ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ಕೊನೆಯದಾಗಿ, ಇದೇ ಕಥೆಯ ಮಗ್ಗುಲನ್ನು ತಿರುಗಿಸಿ ನೋಡಬೇಕಾದವರೂ ನಮ್ಮ ನಡುವೆ ಇದ್ದಾರೆ. ದೇಶದ ಮೂರು ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇಕಡ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಜನರಲ್ಲಿ ಕಂಡಿದ್ದವು. ದಕ್ಷಿಣದಲ್ಲಿ ಅಪರೂಪವಾದ್ದರಿಂದ ಇಲ್ಲಿ ಇದರ ನೆನಪೇ ತಡವಾಗಿ ಬರುತ್ತದೆ. ಹೊಟ್ಟೆ ಕೆಟ್ಟರೆ ಹಾಲು ಒಗ್ಗುವುದಿಲ್ಲವೆಂಬ ತೀರ್ಮಾನ ಬಾಯಿಗೆ ಬೇಗ ಬರುತ್ತದೆ. ಹಾಲು ಬಿಟ್ಟು ವರ್ಷಗಳೇ ಆದರೂ ಭೇದಿ ನಿಂತಿಲ್ಲ, ಕಬ್ಬಿಣದ ಮಾತ್ರೆ ನುಂಗಿದರೂ ರಕ್ತಹೀನತೆ ಹೋಗಿಲ್ಲ, ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂಬ ಸ್ಥಿತಿಯಲ್ಲಿರುವವರು ವೈದ್ಯರನ್ನು ಕಂಡು ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಬೇಕೇ ಎಂದು ಬಾಯಿಬಿಟ್ಟು ಕೇಳಬೇಕು. ಆ ಪರೀಕ್ಷೆಯೂ, ಅದರ ಮುಂದಿನ ಎಂಡೋಸ್ಕೋಪಿಯೂ ಮುಗಿಯುವವರೆಗೆ ಗೋಧಿ ತಿನ್ನುವುದನ್ನು ನಿಲ್ಲಿಸಬಾರದು. ಮೊದಲೇ ನಿಲ್ಲಿಸಿದರೆ ರಕ್ತದ ಗುರುತೂ ಕರುಳಿನ ಗಾಯವೂ ಮಾಸಿ, ಇರುವ ಕಾಯಿಲೆ ಇಲ್ಲವೆಂದು ವರದಿ ಬರಬಹುದು.